ಪಿಸಿಬಿಯ ಮೌಂಟಿಂಗ್ ಹೋಲ್‌ಗಳು ಮತ್ತು ಅಳತೆಯ ಏಕಮಾನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಸಿಬಿಯ, ಅಂದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಕೂರಿಸುವ ಮುದ್ರಿತ ಸರ್ಕ್ಯೂಟ್ ಬೋರ್ಡಿನ, ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ಸರಿಯಿದ್ದು, ತಾಮ್ರದ ಗೆರೆಗಳಾದ ಟ್ರ್ಯಾಕ್‌ಗಳೆಲ್ಲ ಸೇರಬೇಕಾದಲ್ಲಿ ಸೇರಿ, ವಿನ್ಯಾಸ ನಿಯಮಗಳ ತಪಾಸಣೆಯಲ್ಲಿ ಒಂದೂ ದೋಷ ಕಾಣದಿದ್ದರೂ, ತಯಾರಾಗಿ ಬಂದ ಬೋರ್ಡು ಪೆಟ್ಟಿಗೆಯೊಳಗೆ ಕೂರದೆ ಹೋಗುವುದುಂಟು. ಹೆಚ್ಚಿನ ಸಲ ಅದಕ್ಕೆ ಕಾರಣ ಎರಡರಲ್ಲಿ ಒಂದು: ಮೌಂಟಿಂಗ್ ಹೋಲ್‌ಗಳನ್ನು, ಅಂದರೆ ಬೋರ್ಡನ್ನು ಪೆಟ್ಟಿಗೆಗೆ ಬಿಗಿಯುವ ಸ್ಕ್ರೂ ತೂತುಗಳನ್ನು, ಎಲ್ಲ ಮುಗಿದ ಮೇಲೆ ಉಳಿದ ಜಾಗದಲ್ಲಿ ತುರುಕಿರುತ್ತಾರೆ, ಇಲ್ಲವೇ ಇಂಚಿನಲ್ಲಿ ಹುಟ್ಟಿದ ಅಂಕಿಯನ್ನು ಮಿಲಿಮೀಟರಿಗೆ ತಂದು ಅಂದಾಜಿಗೆ ಇಳಿಸಿರುತ್ತಾರೆ. ಈ ಪುಟದ ಉತ್ತರಗಳು ಆ ಎರಡು ವಿಷಯಗಳಿಗೆ ಸಂಬಂಧಿಸಿದವು. ತಂತ್ರಾಂಶದ ಉದಾಹರಣೆ ಬೇಕಾದ ಕಡೆ ಪಿಸಿಬಿ ವಿನ್ಯಾಸ ಮಾಡುವ ಕೈಕ್ಯಾಡ್ ಅನ್ನು ಬಳಸಿದ್ದೇನೆ, ಏಕೆಂದರೆ ಅದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಇಳಿಸಿಕೊಂಡು ಪರೀಕ್ಷಿಸಬಹುದು. ಬೇರೆ ತಂತ್ರಾಂಶಗಳಲ್ಲಿ ಮೆನುವಿನ ಹೆಸರು ಬದಲಾಗಬಹುದಾದರೂ ತತ್ವ ಬದಲಾಗುವುದಿಲ್ಲ.

ಮೌಂಟಿಂಗ್ ಹೋಲ್ ಎಂದರೆ ಒಂದು ತೂತು ಮಾತ್ರವಲ್ಲವೇ? ಅದಕ್ಕೆ ಪ್ರತ್ಯೇಕ ಫುಟ್‌ಪ್ರಿಂಟ್ ಏಕೆ ಬೇಕು?

ಫುಟ್‌ಪ್ರಿಂಟ್ ಎಂದರೆ ಒಂದು ಬಿಡಿಭಾಗಕ್ಕಾಗಿ ಬೋರ್ಡಿನ ಮೇಲೆ ಗೊತ್ತುಮಾಡುವ ತೂತು, ತಾಮ್ರ ಮತ್ತು ಜಾಗದ ಅಚ್ಚು. ತೂತು ಅದರ ಒಂದು ಭಾಗ ಮಾತ್ರ. ತೂತಿನ ಮೇಲೆ ಸ್ಕ್ರೂವಿನ ತಲೆ ಕೂರುತ್ತದೆ, ತಲೆಯ ಕೆಳಗೆ ವಾಷರ್ ಬರುತ್ತದೆ, ಬೋರ್ಡಿನ ಕೆಳಬದಿಯಲ್ಲಿ ಸ್ಪೇಸರ್ ಅಥವಾ ನಟ್ ಒತ್ತಿಕೊಳ್ಳುತ್ತದೆ, ಬಿಗಿಯುವಾಗ ಸ್ಕ್ರೂಡ್ರೈವರ್ ನೇರವಾಗಿ ಇಳಿಯಲು ಮೇಲೆಯೂ ಜಾಗ ಬೇಕಾಗುತ್ತದೆ. ಎಂ3 ಸ್ಕ್ರೂವನ್ನೇ ನೋಡಿ: ತೂತು 3.2 ಮಿ.ಮೀ., ಅಲೆನ್ ಕೀ ಹಾಕಿ ತಿರುಗಿಸುವ ಸಿಲಿಂಡರ್ ತಲೆಯ ಸ್ಕ್ರೂವಾದರೆ ತಲೆಯ ವ್ಯಾಸ 5.5 ಮಿ.ಮೀ., ಸಾಮಾನ್ಯ ವಾಷರಿನ ಹೊರವ್ಯಾಸ 7 ಮಿ.ಮೀ., ನಟ್ಟಿನ ಎದುರುಬದುರು ಮುಖಗಳ ನಡುವೆ 5.5 ಮಿ.ಮೀ. ಇದ್ದು ಮೂಲೆಯಿಂದ ಮೂಲೆಗೆ 6 ಮಿ.ಮೀ. ದಾಟುತ್ತದೆ. ಅಂದರೆ 3.2 ಮಿ.ಮೀ. ತೂತಿಗಾಗಿ ಬೋರ್ಡಿನ ಎರಡೂ ಬದಿಗಳಲ್ಲಿ 7 ಮಿ.ಮೀ.ಗಿಂತ ದೊಡ್ಡ ವೃತ್ತವನ್ನು ಬಿಟ್ಟುಕೊಡಬೇಕಾಗುತ್ತದೆ. ಈ ಜಾಗವನ್ನು ಫುಟ್‌ಪ್ರಿಂಟ್ ಮೊದಲಿನಿಂದಲೇ ಹಿಡಿದಿಡುತ್ತದೆ. ಕೊನೆಯಲ್ಲಿ ಕೊರೆಯುವ ಬರಿಯ ತೂತಿಗೆ ಅದು ಸಾಧ್ಯವಿಲ್ಲ.

2012ರಲ್ಲಿ ಬಂದ ಮೊದಲ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಮೌಂಟಿಂಗ್ ಹೋಲ್‌ಗಳೇ ಇರಲಿಲ್ಲ. ಎರಡನೇ ಪರಿಷ್ಕರಣೆಯಲ್ಲಿ ಎರಡು ತೂತುಗಳು ಬಂದವು, 2014ರ ಬಿ ಪ್ಲಸ್ ಮಾದರಿಯಲ್ಲಿ ಅವು ನಾಲ್ಕಾಗಿ, 58 ಮಿ.ಮೀ. ಮತ್ತು 49 ಮಿ.ಮೀ. ಬದಿಗಳ ಆಯತದ ಮೂಲೆಗಳಲ್ಲಿ ನೆಲೆನಿಂತವು. ಆ ನಾಲ್ಕು ತೂತುಗಳ ಅಳತೆ ಸ್ಥಿರವಾದ ಕಾರಣದಿಂದಲೇ ಅದರ ಮೇಲೆ ಕೂರುವ ಎಷ್ಟೋ ಬೋರ್ಡುಗಳು ಒಂದೇ ಅಚ್ಚಿಗೆ ಹೊಂದಿಕೊಂಡವು.

ಯಾವ ಸ್ಕ್ರೂಗೆ ಎಷ್ಟು ದೊಡ್ಡ ತೂತು ಇಡಬೇಕು?

ಸ್ಕ್ರೂವಿನ ಹೆಸರಿನಲ್ಲಿರುವ ಅಂಕಿ ಅದರ ಹೊರವ್ಯಾಸವೇ ಹೊರತು ತೂತಿನ ಅಳತೆಯಲ್ಲ. ಎಂ3 ಸ್ಕ್ರೂಗೆ 3.0 ಮಿ.ಮೀ. ತೂತು ಇಟ್ಟರೆ ಸ್ಕ್ರೂ ಇಳಿಯುವುದೇ ಕಷ್ಟ. ಬಲವಂತವಾಗಿ ಇಳಿಸಿದರೆ ಅದರ ಹಲ್ಲುಗಳು ಗಾಜಿನ ನಾರನ್ನು ಕೆರೆಯುತ್ತವೆ. ಸ್ಕ್ರೂ ಸಲೀಸಾಗಿ ದಾಟುವ ತೂತಿನ ಅಳತೆಗಳನ್ನು ಐಎಸ್ಓ 273 ಎಂಬ ಅಂತರರಾಷ್ಟ್ರೀಯ ಮಾನದಂಡ ಮೂರು ದರ್ಜೆಗಳಲ್ಲಿ ಕೊಡುತ್ತದೆ. ಎಂ2ಗೆ 2.2, 2.4 ಮತ್ತು 2.6 ಮಿ.ಮೀ.; ಎಂ2.5ಗೆ 2.7, 2.9 ಮತ್ತು 3.1, ಎಂ3ಗೆ 3.2, 3.4 ಮತ್ತು 3.6, ಎಂ4ಗೆ 4.3, 4.5 ಮತ್ತು 4.8. ಪಿಸಿಬಿ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೊದಲನೆಯ, ಅಂದರೆ ಬಿಗಿ ದರ್ಜೆಯ ಅಳತೆ.

ಪೆಟ್ಟಿಗೆಯ ತೂತುಗಳನ್ನು ಯಂತ್ರದಲ್ಲಿ ನಿಖರವಾಗಿ ಕೊರೆಯುವುದಾದರೆ ಬಿಗಿ ದರ್ಜೆ ಸಾಕು. ಕೈಯಲ್ಲಿ ಗುರುತು ಹಾಕಿ ಡ್ರಿಲ್ ಹಿಡಿದು ಕೊರೆಯುವ ಪೆಟ್ಟಿಗೆಯಾದರೆ, ಅಥವಾ ಪ್ಲಾಸ್ಟಿಕ್ ಅಚ್ಚು ತಣಿಯುವಾಗ ಕುಗ್ಗುವ ಸಂಭವವಿದ್ದರೆ, ನಾನು ಎಂ3ಗೆ 3.4 ಮಿ.ಮೀ. ಇಡುತ್ತೇನೆ. ಸ್ಕ್ರೂವಿನ ಹಿಡಿತ ಬರುವುದು ತಲೆಯ ಒತ್ತಡದಿಂದಲೇ ಹೊರತು ತೂತಿನ ಗೋಡೆಯಿಂದಲ್ಲವಾದ್ದರಿಂದ, 0.2 ಮಿ.ಮೀ. ಹೆಚ್ಚು ಸಡಿಲ ಕೊಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ತೂತಿನ ಒಳಗೋಡೆಗೆ ತಾಮ್ರ ಲೇಪಿಸುವುದಾದರೆ ನೀವು ಬರೆಯುವ ಅಂಕಿ ಲೇಪನದ ನಂತರ ಉಳಿಯಬೇಕಾದ ವ್ಯಾಸ ಎಂದೇ ತಯಾರಕರು ತಿಳಿಯುತ್ತಾರೆ; ಲೇಪನದ ದಪ್ಪಕ್ಕಾಗಿ ಅವರೇ ಸ್ವಲ್ಪ ದೊಡ್ಡ ಡ್ರಿಲ್ ಆರಿಸಿಕೊಳ್ಳುತ್ತಾರೆ. ನೀವೂ ಆ ದಪ್ಪವನ್ನು ಕೂಡಿಸಿ ಕಳುಹಿಸಿದರೆ ಅದು ಎರಡು ಸಲ ಸೇರುತ್ತದೆ.

ತೂತಿಗೆ ತಾಮ್ರದ ಲೇಪನ ಇರಬೇಕೇ, ಬೇಡವೇ?

ಸ್ಕ್ರೂವಿನ ಮೂಲಕ ವಿದ್ಯುತ್ ಸಂಪರ್ಕ ಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಇದಕ್ಕೂ ಸಿಗುತ್ತದೆ. ಬೇಡವಾದರೆ ಲೇಪನವಿಲ್ಲದ ತೂತೇ ಮೇಲು. ಅದರ ವ್ಯಾಸ ಹೆಚ್ಚು ನಿಖರವಾಗಿ ಬರುತ್ತದೆ. ಬೋರ್ಡನ್ನು ಕರಗಿದ ಸೋಲ್ಡರಿನ ಅಲೆಯ ಮೇಲೆ ಹಾಯಿಸುವಾಗ ತೂತಿನೊಳಗೆ ಸೋಲ್ಡರ್ ತುಂಬಿಕೊಳ್ಳುವುದಿಲ್ಲ.

ಲೋಹದ ಪೆಟ್ಟಿಗೆಗೆ ಬೋರ್ಡಿನ ಗ್ರೌಂಡನ್ನು ಸೇರಿಸಬೇಕಾದರೆ ತೂತಿನ ಸುತ್ತ ತಾಮ್ರದ ಪ್ಯಾಡ್ ಬೇಕು, ಅದರ ಮೇಲೆ ಸೋಲ್ಡರ್ ಮಾಸ್ಕ್ (ತಾಮ್ರವನ್ನು ಮುಚ್ಚುವ ಬಣ್ಣದ ಪದರ) ಇರಬಾರದು. ಕೈಕ್ಯಾಡ್ ಲೈಬ್ರರಿಯಲ್ಲಿ ಒಂದೇ ಎಂ3 ತೂತಿಗೆ ಮೂರು ರೂಪಗಳು ಸಿಗುತ್ತವೆ: ಪ್ಯಾಡ್ ಇಲ್ಲದ್ದು, ಪ್ಯಾಡ್ ಇರುವಂಥದ್ದು, ಪ್ಯಾಡಿನ ಸುತ್ತ ಎಂಟು ಸಣ್ಣ ವಯಾಗಳನ್ನೂ (ಪದರಗಳನ್ನು ಜೋಡಿಸುವ ತಾಮ್ರ ಲೇಪಿತ ತೂತುಗಳನ್ನು) ಹೊಂದಿರುವಂಥದ್ದು. ಆ ವಯಾಗಳು ಅಲಂಕಾರಕ್ಕಾಗಿ ಇರುವುದಲ್ಲ. ಸ್ಕ್ರೂವನ್ನು ಹಲವು ಸಲ ಬಿಗಿದು ಬಿಚ್ಚುವಾಗ ಮುಖ್ಯ ತೂತಿನ ಒಳಗೋಡೆಯ ತೆಳು ತಾಮ್ರ ಹರಿದುಹೋಗಬಹುದು; ಹಾಗಾದರೂ ಮೇಲಿನ ಮತ್ತು ಕೆಳಗಿನ ಪದರಗಳ ಸಂಪರ್ಕವನ್ನು ಆ ಎಂಟು ವಯಾಗಳು ಕಾಪಾಡುತ್ತವೆ.

ನಾಲ್ಕೂ ತೂತುಗಳನ್ನು ನೇರವಾಗಿ ಸರ್ಕ್ಯೂಟಿನ ಗ್ರೌಂಡಿಗೆ ಸೇರಿಸಿದರೆ ಪೆಟ್ಟಿಗೆಯ ಮೂಲಕ ಪ್ರವಾಹ ಹರಿಯುವ ಸುತ್ತುದಾರಿಗಳು ಉಂಟಾಗುತ್ತವೆ. ಸಣ್ಣ ಆಡಿಯೋ ಅಥವಾ ಸೆನ್ಸರ್ ಸಂಕೇತಗಳಿರುವ ಬೋರ್ಡಿನಲ್ಲಿ ಇದರಿಂದ ಗೊಣಗುಟ್ಟುವ ಸದ್ದು ಸೇರಿಕೊಳ್ಳುವ ಸಾಧ್ಯತೆ ಇದೆ. ಮತ್ತೊಂದೆಡೆ, ಕನೆಕ್ಟರನ್ನು ಮುಟ್ಟಿದ ಕೈಯಿಂದ ಬರುವ ಸ್ಥಿರ ವಿದ್ಯುತ್ತು ಪೆಟ್ಟಿಗೆಗೆ ಹರಿದುಹೋಗಲು ಚಿಕ್ಕ ದಾರಿಯೊಂದು ಇರಲೇಬೇಕು. ಆದ್ದರಿಂದ ತೂತುಗಳ ಪ್ಯಾಡ್‌ಗಳಿಗೆ ಪೆಟ್ಟಿಗೆಯ ಹೆಸರಿನ ಪ್ರತ್ಯೇಕ ನೆಟ್ (ಒಂದೇ ವಿದ್ಯುತ್ ಸಂಪರ್ಕದ ಹೆಸರು) ಕೊಟ್ಟು, ಕನೆಕ್ಟರಿನ ಪಕ್ಕದಲ್ಲಿ ಆ ನೆಟ್ ಮತ್ತು ಗ್ರೌಂಡಿನ ನಡುವೆ ಒಂದು ರೆಸಿಸ್ಟರ್ ಹಾಗೂ ಒಂದು ಕೆಪಾಸಿಟರಿಗೆ ಜಾಗ ಬಿಡುವುದು ಒಳ್ಳೆಯದು. ರೆಸಿಸ್ಟರಿನ ಜಾಗದಲ್ಲಿ ಸೊನ್ನೆ ಓಮ್ ಹಾಕಿದರೆ ನೇರ ಸಂಪರ್ಕ, 1 ಮೆಗಾಓಮ್ ಹಾಕಿದರೆ ಮೆಲ್ಲಗೆ ಇಳಿಯುವ ದಾರಿ, ಖಾಲಿ ಬಿಟ್ಟರೆ ಆ ದಾರಿಯೇ ಇಲ್ಲ. ಬೋರ್ಡು ಕೈಗೆ ಬಂದ ಮೇಲೂ ನಿರ್ಧಾರ ನಿಮ್ಮದೇ ಆಗಿರುತ್ತದೆ.

ತೂತಿನ ಎಷ್ಟು ಹತ್ತಿರದವರೆಗೆ ಟ್ರ್ಯಾಕ್ ಎಳೆಯಬಹುದು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ತಂತ್ರಾಂಶ ತಾನಾಗಿ ನೋಡುವುದು ತೂತಿನ ಅಂಚಿನಿಂದ ತಾಮ್ರಕ್ಕಿರುವ ಅಂತರವನ್ನು ಮಾತ್ರ. ಕೈಕ್ಯಾಡ್‌ನಲ್ಲಿ ಅದರ ಆರಂಭಿಕ ಬೆಲೆ 0.25 ಮಿ.ಮೀ. ಅಂದರೆ 3.2 ಮಿ.ಮೀ. ತೂತಿನ ಮಧ್ಯದಿಂದ 1.85 ಮಿ.ಮೀ. ದಾಟಿದ ಕೂಡಲೇ ಟ್ರ್ಯಾಕ್ ಎಳೆಯಲು ಅದು ಒಪ್ಪುತ್ತದೆ. ಆದರೆ ವಾಷರ್ ಮಧ್ಯದಿಂದ 3.5 ಮಿ.ಮೀ. ವರೆಗೆ ಹರಡಿರುತ್ತದೆ. ಈ ಎರಡು ವೃತ್ತಗಳ ನಡುವಿನ ಉಂಗುರದಲ್ಲಿ ಹಾದುಹೋಗುವ ಟ್ರ್ಯಾಕ್ ತಪಾಸಣೆಯಲ್ಲಿ ಪಾಸಾಗಿ, ಲೋಹದ ವಾಷರಿನ ಕೆಳಗೆ ಬಂದು ಕೂರುತ್ತದೆ.

ಟ್ರ್ಯಾಕಿನ ಮೇಲೆ ಸೋಲ್ಡರ್ ಮಾಸ್ಕ್ ಇದೆಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಅದು ಕೆಲವೇ ಹತ್ತು ಮೈಕ್ರಾನ್ ದಪ್ಪದ ಬಣ್ಣದ ಪದರ. ಸೋಲ್ಡರ್ ಹರಡದಂತೆ ತಡೆಯಲು ಇರುವುದೇ ಹೊರತು ಸ್ಕ್ರೂವಿನ ಒತ್ತಡ ತಡೆಯಲು ಅಲ್ಲ. ನಾನು ಮಾಡಿದ ಒಂದು ಬೋರ್ಡಿನಲ್ಲಿ 12 ವೋಲ್ಟಿನ ಟ್ರ್ಯಾಕ್ ಹೀಗೆಯೇ ವಾಷರಿನ ಅಡಿಯಲ್ಲಿ ಹಾದುಹೋಗಿತ್ತು. ಮೊದಲ ದಿನ ಎಲ್ಲ ಸರಿಯಾಗಿ ನಡೆಯಿತು. ಮೂರನೇ ಸಲ ಬಿಚ್ಚಿ ಬಿಗಿದಾಗ ಫ್ಯೂಸ್ ಹೋಯಿತು. ಸ್ಕ್ರೂ ತೆಗೆದು ಭೂತಗನ್ನಡಿ ಹಿಡಿದು ನೋಡಿದರೆ ಹಸಿರು ಮಾಸ್ಕಿನ ಮೇಲೆ ಉಗುರಿನ ಗೀರಿನಂಥ ಒಂದು ಕಮಾನು, ಅದು ಟ್ರ್ಯಾಕನ್ನು ದಾಟುವ ಜಾಗದಲ್ಲಿ ತಾಮ್ರದ ಹೊಳಪು. ವಾಷರಿನ ಅಂಚಿನ ಚೂಪಾದ ಬದಿ ಕೆಳಮುಖವಾಗಿತ್ತು. ಅಂದಿನಿಂದ ಪ್ರತಿ ತೂತಿನ ಸುತ್ತ ವಾಷರಿನ ವ್ಯಾಸಕ್ಕೆ ಕನಿಷ್ಠ 1 ಮಿ.ಮೀ. ಸೇರಿಸಿ, ಟ್ರ್ಯಾಕ್, ವಯಾ ಮತ್ತು ತಾಮ್ರದ ಹರವು ಮೂರನ್ನೂ ನಿಷೇಧಿಸುವ ವೃತ್ತವೊಂದನ್ನು ಎರಡೂ ಹೊರ ಪದರಗಳಲ್ಲಿ ಹಾಕುತ್ತೇನೆ. ಕೈಕ್ಯಾಡ್‌ನ ಆರನೇ ಆವೃತ್ತಿಯಿಂದ ಈ ನಿಷೇಧ ವಲಯವನ್ನು ಫುಟ್‌ಪ್ರಿಂಟಿನೊಳಗೇ ಇಟ್ಟುಬಿಡಬಹುದು. ಒಮ್ಮೆ ಮಾಡಿಟ್ಟರೆ ಮುಂದಿನ ಎಲ್ಲ ಬೋರ್ಡುಗಳಿಗೂ ಅದೇ ಬರುತ್ತದೆ.

ಫುಟ್‌ಪ್ರಿಂಟಿನ ಸುತ್ತ ಕಾಣುವ ಕೋರ್ಟ್‌ಯಾರ್ಡ್ ಗೆರೆ ಈ ಕೆಲಸ ಮಾಡುತ್ತದೆಂದು ಹಲವರು ತಿಳಿದಿದ್ದಾರೆ. ಅದು ಬೇರೆ ಬಿಡಿಭಾಗಗಳು ಒಳಗೆ ಬಂದರೆ ಎಚ್ಚರಿಸುತ್ತದೆ, ಟ್ರ್ಯಾಕ್ ಬಂದರೆ ಸುಮ್ಮನಿರುತ್ತದೆ. ಜೊತೆಗೆ, ಕೈಕ್ಯಾಡ್‌ನ ಸಾಮಾನ್ಯ ಎಂ3 ಫುಟ್‌ಪ್ರಿಂಟಿನಲ್ಲಿ ಆ ಗೆರೆಯ ವ್ಯಾಸ ಸುಮಾರು 6.9 ಮಿ.ಮೀ. ಮಾತ್ರ, ವಾಷರ್ 7 ಮಿ.ಮೀ. ಲೈಬ್ರರಿಯಲ್ಲಿದೆ ಎಂಬ ಮಾತ್ರಕ್ಕೆ ನಿಮ್ಮ ಕೈಯಲ್ಲಿರುವ ವಾಷರಿಗೆ ಅದು ಹೊಂದುತ್ತದೆ ಎಂದು ಭಾವಿಸಬಾರದು.

ಮನೆಯ ಮುಖ್ಯ ವಿದ್ಯುತ್ ಹಾಯುವ ಬೋರ್ಡಾದರೆ ಈ ಅಂದಾಜುಗಳು ಸಾಲವು. ಲೋಹದ ಸ್ಕ್ರೂ ಕೈಗೆ ಸಿಗುವ ಭಾಗವಾಗಿರುವುದರಿಂದ, ಸ್ಕ್ರೂ ತಲೆಯ ಅಂಚಿನಿಂದ ಹೈವೋಲ್ಟೇಜ್ ತಾಮ್ರಕ್ಕಿರುವ ಮೇಲ್ಮೈ ಅಂತರವನ್ನು ಐಇಸಿ 62368-1ರಂತಹ ಸುರಕ್ಷತಾ ಮಾನದಂಡದ ಕೋಷ್ಟಕ ನೋಡಿಯೇ ನಿರ್ಧರಿಸಬೇಕು.

ತೂತಿನ ಪಕ್ಕದಲ್ಲಿ ಕೆಪಾಸಿಟರ್ ಇಡಬಾರದು ಎನ್ನುವುದು ನಿಜವೇ?

ಸೆರಾಮಿಕ್ ಚಿಪ್ ಕೆಪಾಸಿಟರುಗಳ ಮಟ್ಟಿಗೆ ನಿಜ. ಸ್ಕ್ರೂ ಬಿಗಿಯುವಾಗ ಬೋರ್ಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಸೆರಾಮಿಕ್ ಬಾಗಲಾರದೆ ಸೀಳುತ್ತದೆ. ಆ ಸೀಳು ಒಳಗಿನ ಪದರಗಳನ್ನು ಶಾರ್ಟ್ ಮಾಡಿದರೆ ಕೆಪಾಸಿಟರ್ ಬಿಸಿಯಾಗಿ ಸುಟ್ಟೇ ಹೋಗಬಹುದು. ಜಾಗವಿಲ್ಲದೆ ಹತ್ತಿರವೇ ಇಡಬೇಕಾಗಿ ಬಂದರೆ, ಬೋರ್ಡು ಯಾವ ಗೆರೆಯ ಉದ್ದಕ್ಕೆ ಮಡಚಿಕೊಳ್ಳುತ್ತದೆಂದು ಊಹಿಸಿ, ಕೆಪಾಸಿಟರಿನ ಎರಡು ತುದಿಗಳನ್ನು ಸೇರಿಸುವ ಉದ್ದ ಆ ಗೆರೆಗೆ ಸಮಾನಾಂತರವಾಗಿ ಬರುವಂತೆ ತಿರುಗಿಸಿಡಿ.

ಎಷ್ಟು ತೂತು, ಅಂಚಿನಿಂದ ಎಷ್ಟು ದೂರ?

ಅಂಗೈ ಅಗಲದ ಬೋರ್ಡಿಗೆ ಮೂಲೆಗೊಂದರಂತೆ ನಾಲ್ಕು ಸಾಕು. ಭಾರವಾದ ಟ್ರಾನ್ಸ್‌ಫಾರ್ಮರ್ ಅಥವಾ ಪದೇ ಪದೇ ಕೈಯಿಂದ ಎಳೆದು ಚುಚ್ಚುವ ಕನೆಕ್ಟರ್ ಇದ್ದರೆ ಅದರ ಹತ್ತಿರ ಒಂದು ತೂತು ಇರಲಿ, ಏಕೆಂದರೆ ಆ ಬಲವನ್ನು ಯಾವುದಾದರೂ ಸ್ಕ್ರೂ ಹೊರಬೇಕು, ಸೋಲ್ಡರ್ ಹೊರಬಾರದು. ಅಂಚಿನ ವಿಷಯದಲ್ಲಿ ವಾಷರ್ ಬೋರ್ಡಿನಿಂದ ಹೊರಚಾಚದಂತೆ ನೋಡಿಕೊಂಡರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ರಾಸ್ಪ್‌ಬೆರಿ ಪೈ ತನ್ನ ಎಂ2.5 ತೂತುಗಳ ಮಧ್ಯಬಿಂದುವನ್ನು ಅಂಚಿನಿಂದ 3.5 ಮಿ.ಮೀ. ಒಳಗೆ ಇಡುತ್ತದೆ, ಎಂ2.5 ವಾಷರಿನ ಹೊರವ್ಯಾಸ 6 ಮಿ.ಮೀ. ಆದ್ದರಿಂದ ಅರ್ಧ ಮಿಲಿಮೀಟರ್ ಮಿಗುತ್ತದೆ. ಎಂ3ಗೆ ನಾನು 4 ಮಿ.ಮೀ. ಇಡುತ್ತೇನೆ.

ಕೈಕ್ಯಾಡ್‌ನಲ್ಲಿ ತೂತನ್ನು ಸ್ಕೀಮ್ಯಾಟಿಕ್‌ನಲ್ಲಿ ಸೇರಿಸಬೇಕೇ, ನೇರವಾಗಿ ಬೋರ್ಡಿನಲ್ಲಿ ಸೇರಿಸಬಹುದೇ?

ಎರಡೂ ಸಾಧ್ಯ, ನನ್ನ ಸಲಹೆ ಮೊದಲನೆಯದು. ಮೆಕ್ಯಾನಿಕಲ್ ಲೈಬ್ರರಿಯಲ್ಲಿ ಮೌಂಟಿಂಗ್ ಹೋಲ್ ಎಂಬ ಚಿಹ್ನೆ ಇದೆ. ಗ್ರೌಂಡಿಗೆ ಸೇರಬೇಕಾದ ತೂತಿಗೆ ಪಿನ್ ಇರುವ ಇನ್ನೊಂದು ಚಿಹ್ನೆ ಇದೆ. ಅದನ್ನು ಸ್ಕೀಮ್ಯಾಟಿಕ್‌ನ ಒಂದು ಮೂಲೆಯಲ್ಲಿ ಇಟ್ಟು, ಫುಟ್‌ಪ್ರಿಂಟ್ ಹೊಂದಿಸಿ, ಬೋರ್ಡನ್ನು ಅಪ್‌ಡೇಟ್ ಮಾಡಿದರೆ ತೂತುಗಳು ಉಳಿದ ಬಿಡಿಭಾಗಗಳಂತೆಯೇ ಬಂದು ನಿಲ್ಲುತ್ತವೆ.

ನೇರವಾಗಿ ಬೋರ್ಡಿನಲ್ಲಿ ಸೇರಿಸಿದ ತೂತಿಗೆ ಸ್ಕೀಮ್ಯಾಟಿಕ್‌ನಲ್ಲಿ ಜೋಡಿ ಇರುವುದಿಲ್ಲ. ಮುಂದೊಂದು ದಿನ ಅಪ್‌ಡೇಟ್ ಮಾಡುವಾಗ, ಸ್ಕೀಮ್ಯಾಟಿಕ್‌ನಲ್ಲಿಲ್ಲದ ಫುಟ್‌ಪ್ರಿಂಟ್‌ಗಳನ್ನು ಅಳಿಸು ಎಂಬ ಆಯ್ಕೆಗೆ ಗುರುತು ಬಿದ್ದಿದ್ದರೆ ನಾಲ್ಕೂ ತೂತುಗಳು ಸದ್ದಿಲ್ಲದೆ ಮಾಯವಾಗುತ್ತವೆ. ಹೀಗೆಯೇ ಸೇರಿಸಬೇಕೆಂದಿದ್ದರೆ ಅದರ ಗುಣಲಕ್ಷಣಗಳಲ್ಲಿ ಸ್ಕೀಮ್ಯಾಟಿಕ್‌ನಲ್ಲಿ ಇಲ್ಲ ಎಂಬ ಗುರುತು ಹಾಕಿ, ಲಾಕ್ ಮಾಡಿಡಿ. ಎರಡೂ ವಿಧಾನಗಳಲ್ಲಿ ಬಿಡಿಭಾಗಗಳ ಪಟ್ಟಿಯಿಂದ ತೂತನ್ನು ಹೊರಗಿಡುವುದನ್ನು ಮರೆಯಬೇಡಿ; ಇಲ್ಲದಿದ್ದರೆ ಜೋಡಣೆ ಮಾಡುವವರು ಎಚ್1, ಎಚ್2 ಎಂಬ ಭಾಗಗಳು ಯಾವುವು ಎಂದು ಕೇಳಿ ಬರೆಯುತ್ತಾರೆ.

ತೂತನ್ನು ನಿಖರವಾದ ಜಾಗದಲ್ಲಿ ಇಡುವುದು ಹೇಗೆ?

ಮೌಸಿನಿಂದ ಎಳೆದು ಇಡಬೇಡಿ, ಅಂಕಿಗಳನ್ನು ಟೈಪ್ ಮಾಡಿ. ಮೊದಲು ಗ್ರಿಡ್ಡಿನ ಮೂಲಬಿಂದುವನ್ನು ಬೋರ್ಡಿನ ಒಂದು ಮೂಲೆಗೆ, ಇಲ್ಲವೇ ಇನ್ನೂ ಒಳ್ಳೆಯದೆಂದರೆ ಮೊದಲ ತೂತಿನ ಮಧ್ಯಕ್ಕೆ ತಂದುಕೊಳ್ಳಿ. ನಂತರ ಆದ್ಯತೆಗಳ ಪುಟದಲ್ಲಿ ನಿರ್ದೇಶಾಂಕಗಳನ್ನು ಆ ಬಿಂದುವಿನಿಂದಲೇ ತೋರಿಸುವಂತೆ ಆರಿಸಿ. ಈಗ ಉಳಿದ ಮೂರು ತೂತುಗಳ ಸ್ಥಾನ ನಕ್ಷೆಯಲ್ಲಿರುವ ಅಂತರಗಳೇ ಆಗಿರುತ್ತವೆ, ಕೂಡಿ ಕಳೆಯುವ ಅಗತ್ಯವಿಲ್ಲ. ಒಂದು ಎಚ್ಚರ: ಕೈಕ್ಯಾಡ್‌ನಲ್ಲಿ ವೈ ಅಕ್ಷ ಮೊದಲಿಗೆ ಕೆಳಮುಖವಾಗಿ ಬೆಳೆಯುತ್ತದೆ, ಯಂತ್ರಭಾಗಗಳ ನಕ್ಷೆಗಳಲ್ಲಿ ಮೇಲ್ಮುಖವಾಗಿ. ಇದನ್ನು ಗಮನಿಸದೆ ಅಂಕಿ ತುಂಬಿದರೆ ತೂತುಗಳ ವಿನ್ಯಾಸ ತಲೆಕೆಳಗಾಗುತ್ತದೆ. ಸರಿಸಮವಾದ ಆಯತವಾದರೆ ಅದು ಗೊತ್ತಾಗುವುದೂ ಇಲ್ಲ, ಒಂದು ತೂತು ಮಾತ್ರ ಬೇರೆ ಜಾಗದಲ್ಲಿರುವ ಬೋರ್ಡಿನಲ್ಲಿ ಎಲ್ಲ ಕೆಡುತ್ತದೆ.

ಮಿಲ್ ಎಂದರೆ ಮಿಲಿಮೀಟರೇ?

ಅಲ್ಲ. ಪಿಸಿಬಿಯ ಮಾತಿನಲ್ಲಿ ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ. ಇದನ್ನೇ ಥೌ ಎಂದೂ ಕರೆಯುವುದುಂಟು. ಒಂದು ಮಿಲ್ 0.0254 ಮಿ.ಮೀ.ಗೆ ಸಮ. ಕೆಲವು ಕಾರ್ಯಾಗಾರಗಳಲ್ಲಿ ಮಿಲಿಮೀಟರನ್ನೇ ಚುಟುಕಾಗಿ ಮಿಲ್ ಎನ್ನುವ ರೂಢಿಯೂ ಇರುವುದರಿಂದ, ಫೋನಿನಲ್ಲಿ ಅಳತೆ ಹೇಳುವಾಗ ಪೂರ್ಣ ಪದವನ್ನೇ ಬಳಸಿ. ಒಂದು ಇಂಚು ಸರಿಯಾಗಿ 25.4 ಮಿ.ಮೀ. ಎಂದು 1959ರಲ್ಲಿ ಆರು ದೇಶಗಳು ಒಪ್ಪಂದ ಮಾಡಿಕೊಂಡ ನಂತರ ಈ ಪರಿವರ್ತನೆಯಲ್ಲಿ ಅಂದಾಜು ಎಂಬುದಿಲ್ಲ; 25.4ರ ಮುಂದೆ ಬರುವುದೆಲ್ಲ ಸೊನ್ನೆ. ತಪ್ಪು ನುಸುಳುವುದು ಗುಣಾಕಾರ ಮುಗಿದ ಮೇಲೆ ನಾವು ಕತ್ತರಿಸಿ ಎಸೆಯುವ ದಶಮಾಂಶಗಳಿಂದ.

ಹಾಗಾದರೆ ಯಾವ ಏಕಮಾನದಲ್ಲಿ ವಿನ್ಯಾಸ ಮಾಡಬೇಕು?

ಅಂಕಿ ಯಾವ ಏಕಮಾನದಲ್ಲಿ ಹುಟ್ಟಿತೋ ಅದರಲ್ಲೇ ಬರೆಯಿರಿ. ಇಡೀ ಬೋರ್ಡಿಗೆ ಒಂದೇ ಏಕಮಾನ ಎಂಬ ಹಠ ಬೇಕಿಲ್ಲ. ಸ್ಕ್ರೂ, ಪೆಟ್ಟಿಗೆ ಮತ್ತು ಹೊಸ ಐಸಿಗಳ ಅಳತೆಗಳು ಮಿಲಿಮೀಟರಿನಲ್ಲಿ ಹುಟ್ಟಿದವು. ಹಳೆಯ ಡಿಐಪಿ (ಎರಡು ಸಾಲು ಕಾಲುಗಳ) ಐಸಿಗಳು, ಪಿನ್ ಹೆಡರುಗಳು, ಎಸ್‌ಓಐಸಿ (ಬೋರ್ಡಿನ ಮೇಲ್ಮೈಗೆ ಬೆಸೆಯುವ ಎರಡು ಸಾಲಿನ ಐಸಿ) ಇವು ಇಂಚಿನಲ್ಲಿ ಹುಟ್ಟಿದವು. ಅವುಗಳ ಪಿನ್ ಅಂತರ 100 ಮತ್ತು 50 ಮಿಲ್. ರಾಸ್ಪ್‌ಬೆರಿ ಪೈನ ತೂತುಗಳು 58 ಮತ್ತು 49 ಮಿ.ಮೀ. ಎಂಬ ಪೂರ್ಣ ಸಂಖ್ಯೆಗಳಲ್ಲಿವೆ. ಆರ್ಡುಯಿನೊ ಊನೊ ಬೋರ್ಡಿನ ಅಗಲ 2.1 ಇಂಚು, ಅದರ ಎರಡು ಡಿಜಿಟಲ್ ಹೆಡರುಗಳ ನಡುವಿನ ವಿಚಿತ್ರ ಅಂತರ 160 ಮಿಲ್. ಅದನ್ನು 4 ಮಿ.ಮೀ. ಎಂದು ಬರೆದುಕೊಂಡವರಿಗೆ ಪಿನ್‌ಗಳು ಒರಟಾಗಿ ಇಳಿಯುತ್ತವೆ, ಏಕೆಂದರೆ ನಿಜವಾದ ಅಂತರ 4.064 ಮಿ.ಮೀ.

ತಂತ್ರಾಂಶ ಇದಕ್ಕೆ ಸಹಕರಿಸುತ್ತದೆ. ಪರದೆ ಮಿಲಿಮೀಟರಿನಲ್ಲಿದ್ದರೂ ಕೈಕ್ಯಾಡ್‌ನ ಅಂಕಿ ತುಂಬುವ ಖಾನೆಯಲ್ಲಿ ಸಂಖ್ಯೆಯ ಪಕ್ಕದಲ್ಲೇ ಮಿಲ್ ಅಥವಾ ಇಂಚಿನ ಗುರುತು ಬರೆದರೆ ಅದು ತಾನೇ ಪರಿವರ್ತಿಸಿಕೊಳ್ಳುತ್ತದೆ. ಕ್ಯಾಲ್ಕುಲೇಟರ್ ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟದಿರುವುದೇ ಕ್ಷೇಮ.

2.54 ಬದಲು 2.5 ಎಂದು ಬರೆದರೆ ಏನು ಮಹಾ ವ್ಯತ್ಯಾಸ?

ಒಂದು ಅಂತರಕ್ಕೆ 0.04 ಮಿ.ಮೀ., ಕೂದಲೆಳೆಯಷ್ಟು. ಆದರೆ 40 ಪಿನ್ನಿನ ಡಿಐಪಿ ಐಸಿಯ ಒಂದು ಸಾಲಿನಲ್ಲಿ 20 ಪಿನ್‌ಗಳು, ಅವುಗಳ ನಡುವೆ 19 ಅಂತರಗಳು. ಕೊನೆಯ ಪಿನ್ನಿನ ಹೊತ್ತಿಗೆ ತಪ್ಪು 0.76 ಮಿ.ಮೀ. ತಲುಪುತ್ತದೆ. ಆ ಐಸಿ ಕೂರುವುದಿಲ್ಲ. ವಿರುದ್ಧ ದಿಕ್ಕಿನ ತಪ್ಪೂ ಇದೆ: 0.5 ಮಿ.ಮೀ. ಅಂತರವನ್ನು 20 ಮಿಲ್ ಎಂದರೆ ಅದು 0.508 ಮಿ.ಮೀ. ಆಗುತ್ತದೆ, 100 ಪಿನ್ನಿನ ಕ್ಯುಎಫ್‌ಪಿಯ (ನಾಲ್ಕು ಬದಿಗಳಲ್ಲೂ ಕಾಲುಗಳಿರುವ ಐಸಿಯ) ಒಂದು ಬದಿಯ 24 ಅಂತರಗಳಲ್ಲಿ 0.192 ಮಿ.ಮೀ. ಸೇರುತ್ತದೆ. ಮೂಲೆಯ ಕಾಲುಗಳು ಪ್ಯಾಡಿನ ಅಂಚಿಗೆ ಸರಿಯುತ್ತವೆ.

2.5 ಮಿ.ಮೀ. ಎಂಬುದು ಯಾವಾಗಲೂ ತಪ್ಪಲ್ಲ ಎನ್ನುವುದೂ ನೆನಪಿರಲಿ. ಜೆಎಸ್‌ಟಿ ಎಕ್ಸ್‌ಎಚ್ ಸರಣಿಯ ಕನೆಕ್ಟರುಗಳ ಪಿನ್ ಅಂತರ ನಿಜವಾಗಿಯೂ 2.50 ಮಿ.ಮೀ. ಅದಕ್ಕೆ 2.54ರ ಹೆಡರ್ ಫುಟ್‌ಪ್ರಿಂಟ್ ಹಾಕಿದರೆ ಎರಡು ಮೂರು ಪಿನ್‌ಗಳವರೆಗೆ ಹೇಗೋ ಕೂರುತ್ತದೆ, ಹತ್ತು ಪಿನ್‌ಗಳಿಗೆ 0.36 ಮಿ.ಮೀ. ವ್ಯತ್ಯಾಸ ಬಂದು ನಿಲ್ಲುತ್ತದೆ. ಚಿಕ್ಕದರಲ್ಲಿ ಕೂತಿತೆಂದು ಅದೇ ಅಳತೆಯನ್ನು ದೊಡ್ಡದಕ್ಕೆ ಒಯ್ಯುವುದು ಇಲ್ಲಿನ ಸಾಮಾನ್ಯ ತಪ್ಪು.

ತಂತ್ರಾಂಶದಲ್ಲಿ ಏಕಮಾನ ಬದಲಿಸಿದರೆ ಬೋರ್ಡಿನ ಅಳತೆಗಳೇ ಬದಲಾಗುತ್ತವೆಯೇ?

ಇಲ್ಲ, ತೋರಿಸುವ ರೀತಿ ಮಾತ್ರ ಬದಲಾಗುತ್ತದೆ. ಈಗಿನ ಕೈಕ್ಯಾಡ್ ಬೋರ್ಡಿನ ಪ್ರತಿ ಅಳತೆಯನ್ನೂ ನ್ಯಾನೋಮೀಟರಿನ ಪೂರ್ಣ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಒಂದು ಮಿಲ್ 25,400 ನ್ಯಾನೋಮೀಟರ್, ಒಂದು ಮಿ.ಮೀ. ಹತ್ತು ಲಕ್ಷ ನ್ಯಾನೋಮೀಟರ್. ಎರಡೂ ಪೂರ್ಣ ಸಂಖ್ಯೆಗಳಾದ್ದರಿಂದ ಎರಡೂ ನಷ್ಟವಿಲ್ಲದೆ ಉಳಿಯುತ್ತವೆ. ಹಿಂದೆ ಹೀಗಿರಲಿಲ್ಲ, ಹಳೆಯ ಆವೃತ್ತಿಗಳು ಇಂಚಿನ ಹತ್ತು ಸಾವಿರದ ಒಂದು ಭಾಗವನ್ನು ಆಧಾರವಾಗಿ ಇಟ್ಟುಕೊಂಡಿದ್ದುದರಿಂದ 0.1 ಮಿ.ಮೀ. ಅಲ್ಲಿ 39.37 ಆಗಿ, 39ಕ್ಕೆ ಇಳಿದುಬಿಡುತ್ತಿತ್ತು.

ಆದರೆ ಗ್ರಿಡ್ ಬದಲಿಸುವಾಗ ಎಚ್ಚರವಿರಬೇಕು. ಮಿಲ್ ಗ್ರಿಡ್ಡಿನಲ್ಲಿಟ್ಟ ಭಾಗವನ್ನು ಮಿಲಿಮೀಟರ್ ಗ್ರಿಡ್ಡಿಗೆ ಬಂದ ಮೇಲೆ ಎತ್ತಿಟ್ಟರೆ ಅದು ಹೊಸ ಗ್ರಿಡ್ಡಿಗೆ ಅಂಟಿಕೊಂಡು ಕಣ್ಣಿಗೆ ಕಾಣದಷ್ಟು ಸರಿಯುತ್ತದೆ. ಸ್ಕೀಮ್ಯಾಟಿಕ್‌ನ 50 ಮಿಲ್ ಗ್ರಿಡ್ಡನ್ನಂತೂ ಮುಟ್ಟಲೇಬೇಡಿ. ಅಲ್ಲಿ ಗ್ರಿಡ್ ತಪ್ಪಿದರೆ ತಂತಿ ಪಿನ್ನಿಗೆ ತಾಗಿದಂತೆ ಕಂಡರೂ ಸಂಪರ್ಕ ಆಗಿರುವುದಿಲ್ಲ.

0603 ಎಂದರೆ ಯಾವ ಅಳತೆ?

ಇದು ಚಿಪ್ ರೆಸಿಸ್ಟರ್, ಕೆಪಾಸಿಟರುಗಳ ಗಾತ್ರದ ಸಂಕೇತ; ಅರ್ಥ ಯಾರು ಹೇಳುತ್ತಿದ್ದಾರೆ ಎನ್ನುವುದರ ಮೇಲೆ ಹೋಗುತ್ತದೆ. ಇಂಚಿನ ಸಂಕೇತದಲ್ಲಿ 0603 ಎಂದರೆ ಸುಮಾರು 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ, ಅದರ ಮೆಟ್ರಿಕ್ ಸಂಕೇತ 1608. ಮೆಟ್ರಿಕ್ ಸಂಕೇತದಲ್ಲಿ 0603 ಎಂದರೆ 0.6 ಮಿ.ಮೀ. ಉದ್ದ, 0.3 ಮಿ.ಮೀ. ಅಗಲದ ಮರಳಿನ ಕಣದಂಥ ಭಾಗ. ಇಂಚಿನವರು ಅದನ್ನು 0201 ಎನ್ನುತ್ತಾರೆ. 0402 ಕೂಡ ಎರಡೂ ಪದ್ಧತಿಗಳಲ್ಲಿ ಇದೆ, ಎರಡರಲ್ಲೂ ಬೇರೆ ಬೇರೆ ಗಾತ್ರ. ಕೈಕ್ಯಾಡ್ ತನ್ನ ಫುಟ್‌ಪ್ರಿಂಟ್ ಹೆಸರಿನಲ್ಲಿ ಎರಡನ್ನೂ ಒಟ್ಟಿಗೆ ಬರೆದು ಈ ಗೊಂದಲವನ್ನು ತಪ್ಪಿಸುತ್ತದೆ. ನಿಮ್ಮ ಬಿಡಿಭಾಗಗಳ ಪಟ್ಟಿಯಲ್ಲೂ ಹಾಗೆಯೇ ಬರೆಯಿರಿ.

ತಾಮ್ರದ ದಪ್ಪವನ್ನು ಔನ್ಸಿನಲ್ಲಿ ಹೇಳುವುದೇಕೆ?

ಒಂದು ಚದರ ಅಡಿಯ ಮೇಲೆ ಒಂದು ಔನ್ಸ್ ತಾಮ್ರವನ್ನು ಸಮನಾಗಿ ಹರಡಿದರೆ ಬರುವ ದಪ್ಪ ಅದು, ಸುಮಾರು 35 ಮೈಕ್ರಾನ್. 1.6 ಮಿ.ಮೀ. ಬೋರ್ಡಿನ ದಪ್ಪವೂ ಇಂಚಿನ ಹದಿನಾರನೇ ಒಂದು ಭಾಗದಿಂದ, ಅಂದರೆ 1.5875 ಮಿ.ಮೀ.ಯಿಂದ ಬಂದದ್ದು.

ಕಳುಹಿಸಿದ ಕಡತದಲ್ಲಿ ತೂತುಗಳೆಲ್ಲ ಬೋರ್ಡಿನಾಚೆ ಹರಡಿವೆ ಎಂದು ತಯಾರಕರು ಹೇಳುತ್ತಿದ್ದಾರೆ. ಏನಾಗಿದೆ?

ಪದರಗಳ ಚಿತ್ರವನ್ನು ಹೇಳುವ ಗರ್ಬರ್ ಕಡತ ಮತ್ತು ತೂತುಗಳ ಸ್ಥಾನ ಹೇಳುವ ಡ್ರಿಲ್ ಕಡತ ಎರಡೂ ಪ್ರತ್ಯೇಕ, ಅವುಗಳ ಏಕಮಾನವೂ ಪ್ರತ್ಯೇಕವಾಗಿ ನಮೂದಾಗಿರುತ್ತದೆ. ಗರ್ಬರ್ ಕಡತವನ್ನು ಪಠ್ಯ ಸಂಪಾದಕದಲ್ಲಿ ತೆರೆದರೆ ಆರಂಭದ ಸಾಲುಗಳಲ್ಲಿ ಶೇಕಡಾ ಚಿಹ್ನೆಗಳ ನಡುವೆ ಎಂ-ಓ-ಎಂ-ಎಂ ಎಂಬ ಅಕ್ಷರಗಳಿದ್ದರೆ ಮಿಲಿಮೀಟರ್, ಎಂ-ಓ-ಐ-ಎನ್ ಎಂದಿದ್ದರೆ ಇಂಚು. ಎಕ್ಸೆಲಾನ್ ಎಂಬ ರೂಪದ ಡ್ರಿಲ್ ಕಡತದಲ್ಲಿ ಮೆಟ್ರಿಕ್ ಅಥವಾ ಇಂಚ್ ಎಂಬ ಪದವೇ ಇರುತ್ತದೆ.

ಡ್ರಿಲ್ ಕಡತದ ಇನ್ನೊಂದು ತೊಡಕು ದಶಮಾಂಶ ಬಿಂದುವಿನದು. ಹಳೆಯ ಪದ್ಧತಿಯಲ್ಲಿ ಬಿಂದುವನ್ನು ಬರೆಯದೆ, ಎಷ್ಟು ಅಂಕಿ ಪೂರ್ಣಾಂಕ, ಎಷ್ಟು ಅಂಕಿ ದಶಮಾಂಶ ಎಂಬುದನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. 012700 ಎಂಬ ಆರು ಅಂಕಿಗಳನ್ನು ಮೂರು-ಮೂರು ಎಂದು ಮಿಲಿಮೀಟರಿನಲ್ಲಿ ಓದಿದರೆ 12.7 ಮಿ.ಮೀ.; ಎರಡು-ನಾಲ್ಕು ಎಂದು ಓದಿದರೆ 1.27 ಮಿ.ಮೀ.; ಎರಡು-ನಾಲ್ಕು ಎಂದು ಇಂಚಿನಲ್ಲಿ ಓದಿದರೆ 1.27 ಇಂಚು, ಅಂದರೆ 32.258 ಮಿ.ಮೀ. ಅಂಕಿ ಒಂದೇ, ತೂತು ಮೂರು ಕಡೆ. ಆದ್ದರಿಂದ ರೋಗಲಕ್ಷಣ ನೋಡಿಯೇ ಕಾರಣ ಹಿಡಿಯಬಹುದು: ಎಲ್ಲ ಅಳತೆಗಳೂ 25.4 ಪಟ್ಟು ತಪ್ಪಿದ್ದರೆ ಏಕಮಾನ ತಪ್ಪಿದೆ, ಸರಿಯಾಗಿ ಹತ್ತು ಪಟ್ಟು ತಪ್ಪಿದ್ದರೆ ಬಿಂದುವಿನ ಜಾಗ ತಪ್ಪಿದೆ. ಅಳತೆಗಳು ಸರಿಯಿದ್ದು ಎಲ್ಲ ತೂತುಗಳೂ ಒಂದೇ ದಿಕ್ಕಿಗೆ ಸರಿದಿದ್ದರೆ ಎರಡು ಕಡತಗಳ ಮೂಲಬಿಂದು ಬೇರೆ ಬೇರೆ. ಕಡತ ತಯಾರಿಸುವಾಗ ದಶಮಾಂಶ ಬಿಂದು ಇರುವ ರೂಪವನ್ನೇ ಆರಿಸಿ, ಗರ್ಬರ್ ಮತ್ತು ಡ್ರಿಲ್ ಎರಡಕ್ಕೂ ಮಿಲಿಮೀಟರ್ ಮತ್ತು ಒಂದೇ ಮೂಲಬಿಂದು ಕೊಟ್ಟರೆ ಈ ಮೂರೂ ಬರುವುದಿಲ್ಲ.

ಯಂತ್ರ ವಿನ್ಯಾಸಕರು ಕೊಟ್ಟ ಡಿಎಕ್ಸ್‌ಎಫ್ ನಕ್ಷೆ ಇಳಿಸಿಕೊಂಡರೆ ಬೋರ್ಡು ದೈತ್ಯಾಕಾರವಾಗಿ ಕಾಣುತ್ತದೆ. ಏಕೆ?

ಎಷ್ಟೋ ಡಿಎಕ್ಸ್‌ಎಫ್ ಕಡತಗಳಲ್ಲಿ ಬರಿಯ ಸಂಖ್ಯೆಗಳಿರುತ್ತವೆ, ಏಕಮಾನದ ನಮೂದು ಇರುವುದಿಲ್ಲ. ಆಗ ಇಳಿಸಿಕೊಳ್ಳುವ ಕಿಟಕಿಯಲ್ಲಿ ನೀವು ಆರಿಸಿದ್ದೇ ಅಂತಿಮ. 80 ಎಂಬ ಅಗಲವನ್ನು ಇಂಚೆಂದು ತಿಳಿದರೆ ಎರಡು ಮೀಟರಿಗೂ ಹೆಚ್ಚಿನ ಬೋರ್ಡು ಬರುತ್ತದೆ. ನಕ್ಷೆ ಕೊಡುವವರಿಗೆ ಒಂದು ಕೋರಿಕೆ: ತಿಳಿದಿರುವ ಒಂದು ಅಂತರವನ್ನು ಏಕಮಾನದ ಸಮೇತ ಕಡತದೊಂದಿಗೆ ಬರೆದು ಕಳುಹಿಸಿ. ಪಡೆದವರು ಮೊದಲು ಆ ಒಂದು ಅಂತರವನ್ನು ಅಳೆದು ನೋಡಿದರೆ ಸಾಕು.

ನಕ್ಷೆಯಿಲ್ಲದ ಹಳೆಯ ಬೋರ್ಡಿನ ತೂತುಗಳ ಅಂತರವನ್ನು ಅಳೆಯುವುದು ಹೇಗೆ?

ತೂತಿನ ಮಧ್ಯಬಿಂದುವಿನಲ್ಲಿ ಹಿಡಿಯಲು ಏನೂ ಇಲ್ಲದ ಕಾರಣ ಅದನ್ನು ನೇರವಾಗಿ ಅಳೆಯಲು ಹೋಗಬೇಡಿ. ವರ್ನಿಯರ್ ಕ್ಯಾಲಿಪರಿನಿಂದ ಎರಡು ತೂತುಗಳ ಒಳ ಅಂಚುಗಳ ನಡುವಿನ ಅಂತರವನ್ನೊಮ್ಮೆ, ಹೊರ ಅಂಚುಗಳ ನಡುವಿನ ಅಂತರವನ್ನೊಮ್ಮೆ ಅಳೆಯಿರಿ. ಒಳಗಿನದು 45.8, ಹೊರಗಿನದು 52.2 ಮಿ.ಮೀ. ಬಂತೆನ್ನಿ. ಎರಡರ ಸರಾಸರಿ 49.0 ಮಿ.ಮೀ. ಮಧ್ಯದಿಂದ ಮಧ್ಯಕ್ಕಿರುವ ಅಂತರ. ಎರಡರ ವ್ಯತ್ಯಾಸದ ಅರ್ಧ 3.2 ಮಿ.ಮೀ. ತೂತಿನ ವ್ಯಾಸ. ಬಂದ ಉತ್ತರವನ್ನು ಎರಡೂ ಏಕಮಾನಗಳಲ್ಲಿ ನೋಡಿ. 27.94 ಮಿ.ಮೀ. ಎಂಬಂಥ ಅಂಕಿ ಬಂದರೆ ಅದು 1.1 ಇಂಚು, ಬೋರ್ಡು ಇಂಚಿನಲ್ಲಿ ಹುಟ್ಟಿದ್ದು ಎಂದು ತಿಳಿಯಿರಿ. ಅದನ್ನು 28 ಮಾಡಬೇಡಿ. ಆಯತದ ಎರಡು ಕರ್ಣಗಳನ್ನೂ ಅಳೆದು ಸಮವಿವೆಯೇ ನೋಡಿಕೊಂಡರೆ ತೂತುಗಳು ನೇರ ಮೂಲೆಗಳಲ್ಲಿವೆಯೇ ಎಂಬುದೂ ಖಚಿತವಾಗುತ್ತದೆ.

ತಯಾರಿಕೆಗೆ ಕಳುಹಿಸುವ ಮೊದಲು ಕೊನೆಯದಾಗಿ ಏನು ನೋಡಬೇಕು?

ಗರ್ಬರ್ ಮತ್ತು ಡ್ರಿಲ್ ಕಡತಗಳನ್ನು ವಿನ್ಯಾಸ ಮಾಡಿದ ಕಿಟಕಿಯಲ್ಲಲ್ಲದೆ ಬೇರೊಂದು ಗರ್ಬರ್ ವೀಕ್ಷಕದಲ್ಲಿ ತೆರೆದು, ಎರಡು ಸ್ಕ್ರೂ ತೂತುಗಳ ಅಂತರವನ್ನು ಅಲ್ಲೇ ಅಳೆಯಿರಿ. ಲೇಪನವಿರುವ ಮತ್ತು ಇಲ್ಲದ ತೂತುಗಳು ತಮ್ಮ ತಮ್ಮ ಕಡತದಲ್ಲಿವೆಯೇ ನೋಡಿ. ನಂತರ ಬೋರ್ಡಿನ ನಕ್ಷೆಯನ್ನು ಶೇಕಡಾ 100ರ ಪ್ರಮಾಣದಲ್ಲಿ ಕಾಗದದ ಮೇಲೆ ಮುದ್ರಿಸಿ. ಪುಟಕ್ಕೆ ಹೊಂದಿಸು ಎಂಬ ಆಯ್ಕೆ ಆರಿಸಿದ್ದರೆ ತೆಗೆದುಹಾಕಿ, ಮುದ್ರಣದ ಮೇಲೆ ಅಳತೆಪಟ್ಟಿ ಇಟ್ಟು ತಿಳಿದಿರುವ ಒಂದು ಉದ್ದವನ್ನು ಖಚಿತಪಡಿಸಿಕೊಳ್ಳಿ. ಆ ಕಾಗದವನ್ನು ರಟ್ಟಿಗೆ ಅಂಟಿಸಿ, ತೂತುಗಳನ್ನು ಚುಚ್ಚಿ, ನಿಜವಾದ ಸ್ಕ್ರೂ, ವಾಷರ್ ಮತ್ತು ಸ್ಪೇಸರ್ ಹಾಕಿ ಪೆಟ್ಟಿಗೆಯೊಳಗೆ ಕೂರಿಸಿ ನೋಡಿ. ವಾಷರಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಸ್ಕ್ರೂ ಬಿಚ್ಚಿ, ಆ ವೃತ್ತದೊಳಗೆ ಯಾವ ಟ್ರ್ಯಾಕ್ ಬಂದಿದೆ ಎಂದು ಹುಡುಕಿ.